ಘಟ್ಟದಿಂದ ಇಳಿಯುವ ಮಳೆ

ಅಕ್ಟೋಬರ್ ತಿಂಗಳ ಕೊನೆಯ ವಾರದಲ್ಲಿ ಕಾಸರಗೋಡಿನ ಮಳೆ ದಿಕ್ಕು ಬದಲಿಸಿರುತ್ತದೆ. ಪಡುವಣ ಕಡಲಿನಿಂದ ಏರಿ ಬಂದು ದಿನಗಟ್ಟಲೆ ಸುರಿದ ಮುಂಗಾರು ಹಿಂದೆಗೆದಿದೆ. ತುಲಾ ಮಾಸದ ಮಳೆ ಮೂಡಣದ ಘಟ್ಟದ ಕಡೆಯಿಂದ ಇಳಿಯುತ್ತದೆ. ಮುಂಜಾನೆ ಎಳೆಬಿಸಿಲು, ಹುಲ್ಲಿನ ಮೇಲೆ ಇಬ್ಬನಿ. ಹನ್ನೊಂದರ ಹೊತ್ತಿಗೆ ಬೆವರಿಳಿಸುವ ಸೆಕೆ. ಕಾದ ನೆಲದತ್ತ ಕಡಲಗಾಳಿ ತೇವವನ್ನು ಹೊತ್ತು ತರುತ್ತದೆ, ಘಟ್ಟದ ನೆತ್ತಿಯಲ್ಲಿ ಮೋಡ ಗೋಪುರದಂತೆ ಬೆಳೆಯುತ್ತದೆ, ಮೇಲಣ ಮೂಡುಗಾಳಿ ಅದನ್ನು ಕರಾವಳಿಗೆ ನೂಕುತ್ತದೆ. ಅಪರಾಹ್ನ ದೇಲಂಪಾಡಿಯ ಕಡೆ ಗುಡುಗಿದರೆ ಬದಿಯಡ್ಕದ ಅಂಗಳಗಳಲ್ಲಿ ಟಾರ್ಪಾಲು ಬಿಚ್ಚಿಕೊಳ್ಳುತ್ತದೆ. ಮಧ್ಯಾಹ್ನ 2ರಿಂದ ರಾತ್ರಿ 10 ಗಂಟೆಯವರೆಗೆ ಸಿಡಿಲಿನ ವಿಷಯದಲ್ಲಿ ವಿಶೇಷ ಎಚ್ಚರ ಬೇಕೆಂದು ಕೇರಳದ ವಿಪತ್ತು ನಿರ್ವಹಣಾ ಪ್ರಾಧಿಕಾರ ಹೇಳುವುದು ಈ ಮೋಡಗಳ ದಿನಚರಿಯನ್ನು ಕಂಡೇ.

ಟಾರ್ಪಾಲಿನ ಅವಸರ ಅಡಿಕೆಗಾಗಿ. ಹಣ್ಣಡಿಕೆ ಚಾಲಿಯಾಗಬೇಕಾದರೆ ಸುಮಾರು ನಲವತ್ತು ದಿನಗಳ ಒಳ್ಳೆಯ ಬಿಸಿಲು ಬೇಕು. ಬೇಗ ಹಣ್ಣಾದ ತೋಟಗಳಲ್ಲಿ ಮೊದಲ ಕೊಯ್ಲು ಅಂಗಳಕ್ಕೆ ಬರುವುದು ಇದೇ ಹೊತ್ತಿಗೆ. ನೆನೆದು ಬೂಸರು ಹಿಡಿದ ಅಡಿಕೆ ಸುಲಿದಾಗ ಪಟೋರವೋ ಕರಿಗೋಟೋ ಆಗಿ ಬೇರೆ ಚೀಲಕ್ಕೆ ಬೀಳುತ್ತದೆ. ಅದರ ಬೆಲೆಯೂ ಬೇರೆ. ಮಳೆಗಾಲವಿಡೀ ಕೊಳೆರೋಗಕ್ಕೆ ಹೆದರಿ ಮೈಲುತುತ್ತು, ಸುಣ್ಣ ಬೆರೆಸಿ ಬೋರ್ಡೋ ದ್ರಾವಣ ಸಿಂಪಡಿಸಿ ಉಳಿಸಿಕೊಂಡ ಫಸಲು ಒಂದು ಸಂಜೆಯ ಅಲಕ್ಷ್ಯದಿಂದ ಕೆಡುವುದು ಸಣ್ಣ ನಷ್ಟವಲ್ಲ. ಪಾರದರ್ಶಕ ಹಾಳೆಯ ಸೋಲಾರ್ ಗೂಡು ಕಟ್ಟಿಸಿಕೊಂಡವರಿಗೆ ಚಿಂತೆ ಕಡಿಮೆ. ಎಲ್ಲರೂ ಕಟ್ಟಿಸಿಕೊಂಡಿಲ್ಲ.

ಆದರೆ ಅಂಗಳದಲ್ಲಿ ಬಿಸಿಲು ಬೇಡುವ ಅದೇ ಮನೆ, ಹಿಂದಿನ ಗುಡ್ಡದ ಮೇಲೆ ಮಳೆಯನ್ನು ಬೇಡುತ್ತದೆ. ಎಣ್ಮಕಜೆ, ಬಾಯಾರು, ಬದಿಯಡ್ಕದ ಮುರಕಲ್ಲಿನ ಗುಡ್ಡಗಳಲ್ಲಿ ಅಡ್ಡಲಾಗಿ ಕೊರೆದ ಸುರಂಗಗಳು ನೂರಾರು. ಆಳೊಬ್ಬ ಬಾಗಿ ನಡೆಯುವಷ್ಟು ಇಕ್ಕಟ್ಟಾದ ಆ ಬಿಲಗಳ ಗೋಡೆಗಳಲ್ಲಿ ಜಿನುಗುವ ನೀರು ಬಾಯಿಯ ಬಳಿಯ ಮಣ್ಣಿನ ಕೆರೆಗೆ ಹರಿದು ಬರುತ್ತದೆ. ಮುಂಗಾರಿನ ಬಹುಪಾಲು ನೀರು ಇಳಿಜಾರಿನಲ್ಲಿ ಓಡಿ ಕಡಲು ಸೇರುತ್ತದೆ. ಜಿಲ್ಲೆಗೆ ಮುಂಗಾರು ಧಾರಾಳ, ಹಿಂಗಾರು ತೆಂಕಣ ಕೇರಳದಷ್ಟಿಲ್ಲ. ಹಾಗಾಗಿ ತುಲಾ ಮಾಸದ ನಾಲ್ಕು ಮಳೆ ತಪ್ಪಿದರೆ ಮಾರ್ಚಿನಲ್ಲಿಯೇ ಸುರಂಗದ ಹನಿ ಸಣ್ಣದಾಗುತ್ತದೆ.

ಇನ್ನೂ ನಾಜೂಕಾದ ಲೆಕ್ಕ ಕಟ್ಟದ್ದು. ಕುಂಬ್ಡಾಜೆ ಪಂಚಾಯತಿನ ಏತಡ್ಕದಂಥ ಊರುಗಳಲ್ಲಿ ತೋಡಿಗೆ ಅಡ್ಡಲಾಗಿ ಕಲ್ಲು, ಮಣ್ಣು, ಈಚೆಗೆ ಪ್ಲಾಸ್ಟಿಕ್ ಹಾಳೆಗಳಿಂದ ತಾತ್ಕಾಲಿಕ ಕಟ್ಟ ಹಾಕಿ ನೀರು ನಿಲ್ಲಿಸುವ ಪದ್ಧತಿ ಹಿಂದಿನಿಂದ ಬಂದದ್ದು. ಬೇಗ ಕಟ್ಟಿದರೆ ಒಂದು ರಾತ್ರಿಯ ಸಿಡಿಲ ಮಳೆ ವಾರದ ದುಡಿಮೆಯನ್ನು ಕೊಚ್ಚಿಕೊಂಡು ಹೋಗುತ್ತದೆ. ತಡಮಾಡಿದರೆ ನಿಲ್ಲಿಸಬೇಕಾದ ನೀರೇ ಇಳಿದುಹೋಗಿರುತ್ತದೆ. ಹಾಗಾಗಿ ಕೊನೆಯ ದೊಡ್ಡ ಮಳೆ ಬಂದು ಹೋಯಿತೇ ಎಂಬುದೇ ಈ ವಾರದ ಪ್ರಶ್ನೆ.

ಉತ್ತರಕ್ಕಾಗಿ ಗಡಿಯ ಜನ ಎರಡು ರಾಜಧಾನಿಗಳತ್ತ ಕಿವಿಗೊಡುತ್ತಾರೆ. 1956ರ ನವೆಂಬರ್ 1ರಂದು, ಅಂದರೆ ಇಂತಹದೇ ತುಲಾ ಮಾಸದ ಒಂದು ದಿನ, ದಕ್ಷಿಣ ಕನ್ನಡದ ತಾಲೂಕಾಗಿದ್ದ ಕಾಸರಗೋಡು ಕೇರಳಕ್ಕೆ ಸೇರಿತು. ಇಂದು ಅದರ ಮುನ್ಸೂಚನೆ ತಿರುವನಂತಪುರದ ಹವಾಮಾನ ಕೇಂದ್ರದಿಂದ ಬರುತ್ತದೆ. ತಲಪಾಡಿಯಿಂದ ಆಚೆಗಿನದು ಬೆಂಗಳೂರಿನ ಕೇಂದ್ರದಿಂದ. ಒಂದೇ ಮೋಡದ ಕೆಳಗಿನ ಮಂಜೇಶ್ವರಕ್ಕೂ ಉಳ್ಳಾಲಕ್ಕೂ ಎಚ್ಚರಿಕೆಯ ಬಣ್ಣ ಬೇರೆಯಾಗುವುದುಂಟು. ಮಂಜೇಶ್ವರದ ಕನ್ನಡಿಗ ಮಂಗಳೂರಿನ ಸುದ್ದಿ ಕೇಳಿ ಅಡಿಕೆ ಹರಡುತ್ತಾನೆ, ಮಕ್ಕಳ ಶಾಲೆಗೆ ರಜೆಯುಂಟೇ ಎಂದು ತಿಳಿಯಲು ಮಲಯಾಳದ ಪ್ರಕಟಣೆ ಓದುತ್ತಾನೆ. ಕನ್ನಡ ಶಾಲೆಗಳಿರುವ ಪ್ರದೇಶಕ್ಕೆ ಸಿಡಿಲಿನ ಎಚ್ಚರಿಕೆಯಾದರೂ ಹೊತ್ತಿಗೆ ಸರಿಯಾಗಿ ಕನ್ನಡದಲ್ಲಿ ತಲುಪಬೇಕೆನ್ನುವುದು ದೊಡ್ಡ ಬೇಡಿಕೆಯೇನೂ ಅಲ್ಲ.

ಬಣ್ಣಕ್ಕೂ ಒಂದು ಮಿತಿಯಿದೆ. ಹಳದಿ ಎಂದರೆ 24 ಗಂಟೆಗಳಲ್ಲಿ 64.5ರಿಂದ 115.5 ಮಿ.ಮೀ. ಮಳೆಯ ಸಾಧ್ಯತೆ. ಅದು 1,992 ಚದರ ಕಿಲೋಮೀಟರಿನ ಇಡೀ ಜಿಲ್ಲೆಗೆ ಬಳಿದ ಬಣ್ಣ. ತುಲಾ ಮಾಸದ ಮೋಡವಾದರೋ ಪೆರ್ಲವನ್ನು ತೋಯಿಸಿ ನೀರ್ಚಾಲನ್ನು ಒಣಗಿಸಿಟ್ಟು ಹೋಗಬಲ್ಲದು. ಆದ್ದರಿಂದ ಹಿರಿಯ ಕೃಷಿಕರು ಮುನ್ಸೂಚನೆಯನ್ನು ನೋಡಿದ ಮೇಲೆಯೂ ಮೂಡು ದಿಕ್ಕನ್ನು ನೋಡುತ್ತಾರೆ. ಚಿತ್ತೆ ಕಳೆದು ಸ್ವಾತಿ ಹಿಡಿಯಿತೆಂದು ಪಂಚಾಂಗದಲ್ಲಿ ಬೆರಳಿಡುತ್ತಾರೆ. ಇದನ್ನು ಮೌಢ್ಯವೆನ್ನಲಾಗದು. ಜಿಲ್ಲೆಯ ಅಂದಾಜನ್ನು ತಮ್ಮ ಒಂದು ತೋಡಿಗೆ ಇಳಿಸಿಕೊಳ್ಳುವ ಕೆಲಸ ಅವರದೇ.

ತುಲಾ ಹತ್ತರ ಪತ್ತಾಮುದಯದೊಂದಿಗೆ ತೆಯ್ಯಂಗಳ ಋತು ತೆರೆಯುತ್ತದೆ. ತೋಡಿನ ದಂಡೆಯಲ್ಲಿ ಕಟ್ಟದ ಕಲ್ಲುಗಳನ್ನು ಆರಿಸಿ ರಾಶಿ ಹಾಕಿದ್ದಾಗಿದೆ. ನೀರು ಇನ್ನೂ ಕೆಂಪಾಗಿಯೇ ಹರಿಯುತ್ತಿದೆ. ಅದು ತಿಳಿಯಾಗುವವರೆಗೆ ಯಾರೂ ಮೊದಲ ಕಲ್ಲು ಇಡುವುದಿಲ್ಲ.