ಸೊನ್ನೆ ಎಂದರೆ ಎಲ್ಲಿಂದ?

ಜೂನ್ 3, 2024, ಸೋಮವಾರ

ಊರ ಗ್ರಂಥಾಲಯದ ಪುಸ್ತಕಪಟ್ಟಿಯ ಜಾಲಪುಟ. ಹೊಸದಾಗಿ ಬಂದ 14 ಪುಸ್ತಕಗಳ ಮುಖಪುಟದ ಮೂಲೆಗೆ ‘ಹೊಸತು’ ಎಂಬ ಚೀಟಿ ಅಂಟಿಸಬೇಕಿತ್ತು. ಸಿಎಸ್‌ಎಸ್‌ನಲ್ಲಿ ಪೊಸಿಷನ್ ಅಬ್ಸಲ್ಯೂಟ್, ಟಾಪ್ 0, ರೈಟ್ 0 ಎಂದು ಬರೆದೆ. ಹದಿನಾಲ್ಕೂ ಚೀಟಿಗಳು ಪುಟದ ಬಲತುದಿಗೆ ಹೋಗಿ ಒಂದರ ಮೇಲೊಂದು ಕೂತವು.

ಸಂಜೆಯ ಹೊತ್ತಿಗೆ ಹೊಳೆಯಿತು. ಅಬ್ಸಲ್ಯೂಟ್ ಆದದ್ದು ತನ್ನ ಹೊರಗಿನ ಪೆಟ್ಟಿಗೆಗಳನ್ನು ಒಂದೊಂದಾಗಿ ನೋಡುತ್ತಾ ಮೇಲೇರುತ್ತದೆ. ಸ್ಟ್ಯಾಟಿಕ್ ಅಲ್ಲದ ಮೊದಲ ಪೆಟ್ಟಿಗೆ ಸಿಕ್ಕಲ್ಲಿ ನಿಂತು, ಅದರ ಅಂಚಿನಿಂದ ಅಳೆಯುತ್ತದೆ. ಯಾವುದೂ ಸಿಗದಿದ್ದರೆ ಪುಟದ ಆರಂಭದಿಂದಲೇ ಅಳತೆ. ನನ್ನ ಪೆಟ್ಟಿಗೆಗಳೆಲ್ಲ ಸ್ಟ್ಯಾಟಿಕ್ ಆಗಿದ್ದವು. ಮುಖಪುಟದ ಪೆಟ್ಟಿಗೆಗೆ ರಿಲೇಟಿವ್ ಕೊಟ್ಟೆ, ಚೀಟಿಗಳು ಅವುಗಳ ಮೂಲೆಗೇ ಬಂದವು.

ಪಂಕ್ತಿಯ ಊಟ ನೆನಪಾಯಿತು. ರಿಲೇಟಿವ್ ಎಂದರೆ ಕೂತವರು ಪಕ್ಕಕ್ಕೆ ವಾಲಿದ ಹಾಗೆ: ಎಲೆಯ ಜಾಗ ಅವರದೇ, ಉಳಿದವರು ಕದಲುವುದಿಲ್ಲ. ಅಬ್ಸಲ್ಯೂಟ್ ಎಂದರೆ ಎಲೆ ಸಮೇತ ಎದ್ದ ಹಾಗೆ. ಮುಂದಿನವರು ಸರಿದು ಆ ಜಾಗ ತುಂಬುತ್ತಾರೆ.

ಜೂನ್ 5, ಬುಧವಾರ

ತಲೆಪಟ್ಟಿಯಿಂದ ಇಳಿಯುವ ಮೆನು ಮುಖಪುಟಗಳ ಹಿಂದೆ ಅಡಗುತ್ತಿದೆ. ಮೆನುವಿಗೆ ಝಡ್-ಇಂಡೆಕ್ಸ್ 9999 ಕೊಟ್ಟರೂ ಮೇಲೆ ಬರಲಿಲ್ಲ. ಸೋಮವಾರದವರೆಗೆ ಈ ತೊಂದರೆ ಇರಲಿಲ್ಲ.

ಕಾರಣ ಎರಡು ಕಡೆ ಇತ್ತು. ತಲೆಪಟ್ಟಿ ಸ್ವಲ್ಪ ಪಾರದರ್ಶಕವಾಗಿರಲಿ ಎಂದು ಒಪ್ಯಾಸಿಟಿ 0.95 ಇಟ್ಟಿದ್ದೆ. ಒಪ್ಯಾಸಿಟಿ 1ಕ್ಕಿಂತ ಕಡಿಮೆಯಾದರೆ ಆ ಪೆಟ್ಟಿಗೆ ಒಳಗಿನವರಿಗೆಲ್ಲ ಬೇರೆಯದೇ ಮನೆಯಾಗುತ್ತದೆ. ಒಳಗಿನ 9999ಕ್ಕೆ ಬೆಲೆ ಆ ಮನೆಯೊಳಗೆ ಮಾತ್ರ. ಹೊರಗೆ ತಲೆಪಟ್ಟಿಯ ಮಟ್ಟ ಸೊನ್ನೆ. ರಿಲೇಟಿವ್ ಪಡೆದ ಮುಖಪುಟಗಳೂ ಅದೇ ಮಟ್ಟಕ್ಕೆ ಬಂದಿದ್ದವು, ಬರೆದ ಕ್ರಮದಲ್ಲಿ ಆಮೇಲೆ ಬರುವುದರಿಂದ ಮೇಲೆ ಕೂತವು. ತಲೆಪಟ್ಟಿಗೇ ರಿಲೇಟಿವ್ ಮತ್ತು ಝಡ್-ಇಂಡೆಕ್ಸ್ 1 ಕೊಟ್ಟೆ. ಒಂದು ಸಾಕಾಯಿತು. ಅಂಕಿ ಏರಿಸುವುದು ಕೆಟ್ಟ ಅಭ್ಯಾಸ, ಬಿಡಬೇಕು.

ಜೂನ್ 6, ಗುರುವಾರ

‘ಮೇಲಕ್ಕೆ’ ಗುಂಡಿ ಫಿಕ್ಸ್‌ಡ್ ಆಗಿದ್ದರೂ ಪುಟದ ಜೊತೆ ಸರಿಯುತ್ತಿತ್ತು. ಹೊರಗಿನ ಪೆಟ್ಟಿಗೆಗೆ ಟ್ರಾನ್ಸ್‌ಫಾರ್ಮ್ ಇದ್ದರೆ ಫಿಕ್ಸ್‌ಡ್ ಕೂಡ ಪರದೆಯನ್ನು ಬಿಟ್ಟು ಆ ಪೆಟ್ಟಿಗೆಯಿಂದಲೇ ಅಳೆಯುತ್ತದೆ. ಗುಂಡಿಯನ್ನು ಹೊರಗೆ ತಂದೆ.

ಸ್ಟ್ಯಾಟಿಕ್, ರಿಲೇಟಿವ್, ಅಬ್ಸಲ್ಯೂಟ್, ಫಿಕ್ಸ್‌ಡ್ – ಈ ನಾಲ್ಕೂ 1998ರ ಮೇ ತಿಂಗಳಲ್ಲಿ ಬಂದ ಸಿಎಸ್‌ಎಸ್‌ನ ಎರಡನೆಯ ಆವೃತ್ತಿಯಲ್ಲೇ ಇವೆ. ಇಷ್ಟು ವರ್ಷ ನಾನು ಅವನ್ನು ಜಾಗದ ಹೆಸರುಗಳೆಂದೇ ತಿಳಿದಿದ್ದೆ. ಅವು ಹೇಳುವುದು ಅಳತೆಯ ಕಡ್ಡಿಯನ್ನು ಎಲ್ಲಿ ನೆಡಬೇಕು ಎಂಬುದನ್ನು.

ಜೂನ್ 8, ಶನಿವಾರ

ಪಟ್ಟಿ ಉದ್ದವಿದೆ, 600 ಸಾಲು ದಾಟಿದೆ. ‘ಶೀರ್ಷಿಕೆ, ಲೇಖಕರು, ಕಪಾಟು’ ಎಂಬ ತಲೆಸಾಲು ಕಣ್ಣೆದುರೇ ನಿಲ್ಲಬೇಕು. ಅದಕ್ಕೆ ಸ್ಟಿಕಿ. ಟಾಪ್ 0 ಬರೆಯದೆ ಅದು ಅಂಟುವುದಿಲ್ಲ, ಬರೆದಿದ್ದೆ. ಆದರೂ ಅಂಟಲಿಲ್ಲ.

ಕೋಷ್ಟಕದ ಮೂಲೆ ದುಂಡಗೆ ಕಾಣಲೆಂದು ಹೊರಪೆಟ್ಟಿಗೆಗೆ ಓವರ್‌ಫ್ಲೋ ಹಿಡನ್ ಹಾಕಿದ್ದೆನಲ್ಲ, ತಲೆಸಾಲು ಆ ಪೆಟ್ಟಿಗೆಯನ್ನೇ ತನ್ನ ಸರಿಯುವ ಪೆಟ್ಟಿಗೆ ಎಂದು ಹಿಡಿದಿತ್ತು. ಆ ಪೆಟ್ಟಿಗೆಯೋ ಒಳಗೆ ಸರಿಯುವುದೇ ಇಲ್ಲ. ಹಿಡನ್ ಬದಲು ಕ್ಲಿಪ್ ಹಾಕಿದೆ. ದುಂಡುಮೂಲೆ ಉಳಿಯಿತು, ತಲೆಸಾಲು ನಿಂತಿತು.

ಗ್ರಂಥಪಾಲಕರು ಫೋನಿನಲ್ಲಿ ಪಟ್ಟಿಯನ್ನು ಕೊನೆಯವರೆಗೂ ಸರಿಸಿ ನೋಡಿದರು. ಕೊನೆಯ ಸಾಲಿನಲ್ಲೂ ‘ಕಪಾಟು’ ಎಂಬ ಮಾತು ಮೇಲೆಯೇ ಇತ್ತು.