ಹವಾರ್ ಬಳಿ ಕಂಡ ಕಡಲ ಹಸು

ಬಹರೈನ್‌ಗೆ ಬಂದು ಎಷ್ಟೋ ವರ್ಷಗಳಾದರೂ ನಮ್ಮಲ್ಲಿ ಅನೇಕರಿಗೆ ಸಮುದ್ರವೆಂದರೆ ಸಂಜೆಯ ಗಾಳಿ ಮತ್ತು ಮಾರುಕಟ್ಟೆಯ ಹಾಮೂರು ಮೀನು, ಅಷ್ಟೇ. ಕಳೆದ ಚಳಿಗಾಲದಲ್ಲಿ ಆಸ್ಪತ್ರೆಯ ಔಷಧ ವಿಭಾಗದ ನಾವು ನಾಲ್ವರು ಪಾಳಿ ಹೊಂದಿಸಿಕೊಂಡು ಸಣ್ಣ ದೋಣಿಯೊಂದರಲ್ಲಿ ಹವಾರ್ ದ್ವೀಪಗಳ ಕಡೆ ಹೊರಟೆವು. ದೋಣಿಯ ಯಜಮಾನರು ಬಹರೈನಿ. ಅವರ ಸಹಾಯಕ್ಕಿದ್ದವರು ರಾಮನಾಥಪುರದ ತಮಿಳು ಮೀನುಗಾರ.

ಆಳವಿಲ್ಲದ ತಿಳಿಹಸಿರು ನೀರು. ತಳದಲ್ಲಿ ಹುಲ್ಲು ಹಾಸಿದಂತಿತ್ತು. ಯಜಮಾನರು ತಟ್ಟನೆ ಇಂಜಿನ್ ನಿಲ್ಲಿಸಿದರು. ಸ್ವಲ್ಪ ದೂರದಲ್ಲಿ ಕಂದುಬಣ್ಣದ ನುಣುಪಾದ ಬೆನ್ನೊಂದು ಮೇಲೆದ್ದು, ಬುಸ್ಸೆಂದು ಉಸಿರು ಬಿಟ್ಟು ಮುಳುಗಿತು. “ಸೀಲ್!” ಎಂದು ಕೂಗಿದ ನಮ್ಮಲ್ಲೊಬ್ಬ. ಯಜಮಾನರು ನಕ್ಕು, “ಬಗರ್ ಅಲ್ ಬಹರ್” ಎಂದರು. “ಕಡಲ್ ಪಸು” ಎಂದರು ತಮಿಳು ಅಣ್ಣ. ಎರಡೂ ಮಾತಿಗೆ ಅರ್ಥ ಒಂದೇ: ಕಡಲ ಹಸು. ಇಂಗ್ಲಿಷಿನಲ್ಲಿ ಡುಗಾಂಗ್.

ಸೀಲ್‌ನಂತೆ ಇದು ಬಂಡೆಯೇರಿ ಮಲಗುವುದಿಲ್ಲ, ಮೀನು ಹಿಡಿಯುವುದಿಲ್ಲ. ಆನೆಯ ದೂರದ ಸಂಬಂಧಿಯಾದ ಇದು ಕಡಲ ತಳದ ಹುಲ್ಲು ಮೇಯುತ್ತದೆ. ಕೆಲವು ನಿಮಿಷಗಳಿಗೊಮ್ಮೆ ಉಸಿರಿಗಾಗಿ ಮೇಲೆ ಬರಲೇಬೇಕು. ಆಸ್ಟ್ರೇಲಿಯಾ ಬಿಟ್ಟರೆ ಇವು ಅತಿ ಹೆಚ್ಚು ಇರುವುದು ನಾವಿರುವ ಈ ಕೊಲ್ಲಿಯಲ್ಲೇ. 1986ರಲ್ಲಿ ಬಹರೈನ್ ಮತ್ತು ಕತಾರ್ ನಡುವೆ ವಿಮಾನದಿಂದ ಸಮೀಕ್ಷೆ ನಡೆಸಿದವರು 600ಕ್ಕೂ ಹೆಚ್ಚು ಕಡಲ ಹಸುಗಳ ಒಂದೇ ಹಿಂಡನ್ನು ಕಂಡಿದ್ದರು.

ಎರಡನೇ ಬಾರಿ ಬೆನ್ನು ಕಂಡಾಗ ಅದರ ಪಕ್ಕದಲ್ಲೇ ಪುಟ್ಟದೊಂದು ತಲೆ ಎದ್ದಿತು. ತಾಯಿ, ಕರು! ವಿಡಿಯೋ ಮಾಡಲು ಇನ್ನೂ ಹತ್ತಿರ ಹೋಗೋಣವೆಂದು ನಮ್ಮವನೊಬ್ಬ ಅವಸರಪಟ್ಟ. ತಮಿಳು ಅಣ್ಣ ತಲೆಯಾಡಿಸಿ ಬೇಡವೆಂದರು. “ಬೆನ್ನಟ್ಟಿದರೆ ಹೆದರಿ ಓಡುತ್ತವೆ, ಕರು ಹಿಂದುಳಿಯುತ್ತದೆ. ಬಲೆಗೆ ಸಿಕ್ಕರಂತೂ ಮೇಲೆ ಬರಲಾಗದೆ ಉಸಿರುಗಟ್ಟುತ್ತದೆ. ಊರಲ್ಲಿ ಅಪ್ಪನ ಬಲೆಯಲ್ಲಿ ಒಂದು ಹಾಗೆ ಸತ್ತಿತ್ತು. ಆ ದಿನ ಅಪ್ಪ ಊಟ ಮಾಡಲಿಲ್ಲ,” ಎಂದರು. ಮತ್ತೆ ಯಾರೂ ಫೋನ್ ಎತ್ತಲಿಲ್ಲ.

ಕಡಲ ಹಸು ಗಬ್ಬವಾಗಿರುವುದು ಒಂದು ವರ್ಷಕ್ಕೂ ಹೆಚ್ಚು ಕಾಲ. ಸಾಮಾನ್ಯವಾಗಿ ಒಂದೇ ಕರು. ಮುಂದಿನದಕ್ಕೆ ಮತ್ತೆ ಕೆಲವು ವರ್ಷ. ಹೀಗಾಗಿ ಒಂದು ತಾಯಿ ಸತ್ತರೆ ಆ ನಷ್ಟ ಬೇಗ ತುಂಬುವಂಥದ್ದಲ್ಲ. ತಮಿಳುನಾಡಿನ ಪಾಕ್ ಕೊಲ್ಲಿಯಲ್ಲಿ 2022ರಲ್ಲಿ ಇವುಗಳಿಗೆಂದೇ ಸಂರಕ್ಷಿತ ಪ್ರದೇಶ ಘೋಷಣೆಯಾಯಿತು.

ಇಂಜಿನ್ ಆರಿಸಿ ನಾವು ಸುಮ್ಮನೆ ಕುಳಿತೆವು. ತಾಯಿ, ಕರು ಮೇಯುತ್ತಾ, ನಡುನಡುವೆ ಉಸಿರಿಗೆ ಮೇಲೆ ಬರುತ್ತಾ ತಾವಾಗಿಯೇ ದೂರ ಸರಿದವು. ಆಮೇಲೆ ದೋಣಿ ನಿಧಾನವಾಗಿ ಹೊರಟಿತು.

ರಜೆಯಲ್ಲಿ ದೋಣಿ ಏರುವ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ಹುಲ್ಲು ಕಾಣುವ ಆಳವಿಲ್ಲದ ನೀರಿನಲ್ಲಿ ನಿಧಾನ ಹೋಗಲು ಹೇಳಿ. ಗಾಳದ ದಾರ, ಪ್ಲಾಸ್ಟಿಕ್ ಚೀಲ ಕಡಲಿಗೆ ಎಸೆಯಬೇಡಿ. ಬೆನ್ನೊಂದು ಕಂಡರೆ ಇಂಜಿನ್ ನಿಲ್ಲಿಸಿ, ಕಾಯಿರಿ. ನಾವು ನಾಲ್ಕು ದಿನ ದುಡಿದು ಊರಿಗೆ ಮರಳುವವರು. ಅವಕ್ಕೆ ಇದೇ ಊರು.