ಹಾದಿ ಕಾಯುವ ಕಣ್ಣುಗಳು

ಮುಂಬಯಿಯಿಂದ ರಾಯಚೂರಿನತ್ತ ಸಾಗುವ ರೈಲುಹಾದಿಯಲ್ಲಿ ಕಲಬುರಗಿಯನ್ನೂ ಶಹಾಬಾದನ್ನೂ ದಾಟಿದ ಮೇಲೆ ವಾಡಿ ಎಂಬ ಊರು ಬರುತ್ತದೆ. ಅದು ಯಾತ್ರಾಸ್ಥಳವಲ್ಲ; ನೋಡತಕ್ಕ ಅರಮನೆಯಾಗಲಿ ಕೋಟೆಯಾಗಲಿ ಅಲ್ಲಿಲ್ಲ. ಆದರೂ ಒಂದೂವರೆ ಶತಮಾನದಿಂದ ಅಸಂಖ್ಯ ಪ್ರಯಾಣಿಕರು ಈ ಊರನ್ನು ಕಂಡಿದ್ದಾರೆ, ಅದೂ ಬಹುಮಟ್ಟಿಗೆ ನಡುರಾತ್ರಿಯಲ್ಲಿ, ನಿದ್ದೆಗಣ್ಣಿನಲ್ಲಿ. ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಯ ಹಳಿ 1871ರಲ್ಲಿ ರಾಯಚೂರನ್ನು ಮುಟ್ಟಿತು. ಮೂರು ವರ್ಷಗಳ ತರುವಾಯ, 1874ರಲ್ಲಿ, ನಿಜಾಮರ ಹಳಿಯು ವಾಡಿಯಿಂದ ಕವಲೊಡೆದು ಚಿತ್ತಾಪುರ, ಸೇಡಂ, ತಾಂಡೂರುಗಳ ಮಾರ್ಗವಾಗಿ ಹೈದರಾಬಾದಿನ ಕಡೆಗೆ ಹೊರಟಿತು. ಅಂದಿನಿಂದ ಗಾಡಿ ಬದಲಿಸಲು ಇಲ್ಲಿ ಇಳಿದವನು ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡು ಬೆಳಕಿಗಾಗಿ ಕಾಯುವುದು ವಾಡಿಯ ನಿತ್ಯದೃಶ್ಯವಾಯಿತು.

ಇಂಥ ಜಂಕ್ಷನ್ನುಗಳಲ್ಲಿ ಕಳ್ಳನಿಗೆ ಬೇಕಾದುದು ಕತ್ತಲೆಯಲ್ಲ, ಕ್ಷಣ. ಗಾಡಿ ನಿಂತಿರುವಾಗ ಅವನು ಏನನ್ನೂ ಮುಟ್ಟುವುದಿಲ್ಲ. ಸೀಟಿ ಕೂಗಿ, ಗಾಲಿಗಳು ಒಂದು ಸುತ್ತು ಉರುಳಿದ ಮೇಲೆ ಕಿಟಕಿಯೊಳಗೆ ಕೈ ಬರುತ್ತದೆ. ಕೊರಳ ಸರವೋ ಕೈಯ ಫೋನೋ ಹೋಗುತ್ತದೆ. ಕಳೆದುಕೊಂಡವನು ಧುಮುಕಲಾರ, ಕದ್ದವನು ಓಡಬೇಕಾದ ಅಗತ್ಯವೂ ಇಲ್ಲ. ಪ್ಲಾಟ್‌ಫಾರ್ಮಿನ ನಟ್ಟನಡುವೆ, ಚಹದ ಅಂಗಡಿಯ ಬಳಿ ನಿಂತ ಕಾವಲಿನವನಿಗಿಂತ, ಗಾಡಿಯ ಬಾಲ ಕಣ್ಮರೆಯಾಗುವ ತನಕ ತುತ್ತತುದಿಯಲ್ಲಿ ನಿಂತವನು ಹೆಚ್ಚು ಪ್ರಯೋಜನಕಾರಿ ಎಂಬುದನ್ನು ರೈಲಿನಲ್ಲಿ ಓಡಾಡುವವರೆಲ್ಲರೂ ಬಲ್ಲರು.

ಖಾಕಿಯ ಒಳಗೂ ಎರಡು ಬಗೆಯಿದೆ. ರೈಲ್ವೆ ರಕ್ಷಣಾ ಪಡೆ ಕೇಂದ್ರ ಸರಕಾರದ್ದು. 1957ರ ಕಾಯಿದೆಯಿಂದ ಹುಟ್ಟಿದ ಆ ಪಡೆಯ ಮೊದಲ ಕರ್ತವ್ಯ ರೈಲ್ವೆಯ ಸ್ವತ್ತನ್ನು ಕಾಯುವುದಾಗಿತ್ತು. ಪ್ರಯಾಣಿಕನ ರಕ್ಷಣೆ ಅದರ ಕರ್ತವ್ಯಗಳ ಪಟ್ಟಿಗೆ ಸೇರಿದ್ದು 2003ರ ತಿದ್ದುಪಡಿಯಿಂದ. ಕಳವಿನ ಮೊಕದ್ದಮೆ ದಾಖಲಿಸಿ ತನಿಖೆ ನಡೆಸುವವರಾದರೋ ರಾಜ್ಯದ ರೈಲ್ವೆ ಪೋಲೀಸರು. ಅವರ ಠಾಣೆ ವಾಡಿಯಲ್ಲಿಯೇ ಇದೆ. ಕಂಗಾಲಾದ ಪ್ರಯಾಣಿಕನಿಗೆ ಈ ಭೇದ ತಿಳಿಯುವುದು ಹೇಗೆ? ತಾಂಡೂರಿನ ಕಡೆಗೆ ಹೋಗುವ ಗಾಡಿಯಲ್ಲಿ ನಿದ್ದೆಹೋದವನು ಎಚ್ಚರಗೊಳ್ಳುವ ವೇಳೆಗೆ ಕರ್ನಾಟಕ ಮುಗಿದು ತೆಲಂಗಾಣ ಬಂದಿರುತ್ತದೆ; ಪೆಟ್ಟಿಗೆ ಮಾಯವಾದದ್ದು ಚಿತ್ತಾಪುರದಲ್ಲೋ ಸೇಡಮಿನಲ್ಲೋ ಅವನು ಹೇಳಲಾರ. ಎಲ್ಲಿ ಘಟನೆ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ಸ್ವೀಕರಿಸತಕ್ಕದ್ದೆಂಬ ನಿಯಮವು 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಸ್ಪಷ್ಟವಾಗಿ ಸೇರಿದೆ. ‘ಅದು ನಮ್ಮ ಸರಹದ್ದಲ್ಲ’ ಎಂಬ ಹಳೆಯ ಮಾತಿಗೆ ಈಗ ಕಾನೂನಿನ ಆಸರೆಯಿಲ್ಲ. ಚಲಿಸುವ ಗಾಡಿಯಿಂದಲೇ 139ಕ್ಕೆ ಕರೆಮಾಡಬಹುದೆಂಬುದನ್ನೂ ಪ್ರವಾಸಿಗಳು ನೆನಪಿನಲ್ಲಿಡುವುದು ಲೇಸು.

ರೈಲು ಬರುವ ಮುನ್ನ ಈ ಸೀಮೆಯ ಹಾದಿಗಳು ಇನ್ನೂ ಭೀಕರವಾಗಿದ್ದುವು. ಮುಂದೆ ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಂಡು ಅಲ್ಲಿನ ಜನರ ಪ್ರೀತಿಗೆ ಪಾತ್ರನಾದ ಮೆಡೋಸ್ ಟೇಲರ್, ನಿಜಾಮರ ಸೇವೆಯಲ್ಲಿದ್ದುಕೊಂಡು ಠಕ್ಕರ ವೃತ್ತಾಂತಗಳನ್ನು ಕೇಳಿ ತಿಳಿದು, 1839ರಲ್ಲಿ ಅವನ್ನೊಂದು ಕಾದಂಬರಿಯಾಗಿ ಪ್ರಕಟಿಸಿದ. ಠಕ್ಕನು ಪೊದೆಯ ಹಿಂದಿನಿಂದ ಹಾರಿಬೀಳುವ ದರೋಡೆಗಾರನಲ್ಲ. ಸಂಭಾವಿತನ ವೇಷದಲ್ಲಿ ಛತ್ರಕ್ಕೆ ಬಂದು, ‘ಮುಂದೆ ಹಾದಿ ಕೆಟ್ಟದ್ದು, ಕಳ್ಳರ ಕಾಟ ವಿಪರೀತ, ಒಟ್ಟಿಗೆ ಹೋಗೋಣ’ ಎಂದು ವಿನಯದಿಂದ ನುಡಿಯುವವನು. ರಕ್ಷಣೆಯೇ ಅವನ ಗಾಳಕ್ಕೆ ಕಟ್ಟಿದ ಎರೆ. ನಾಲ್ಕು ದಿನ ಜೊತೆಯಲ್ಲಿ ಉಂಡು ಮಲಗಿ, ಐದನೆಯ ದಿನ ಕರವಸ್ತ್ರವನ್ನು ಕೊರಳಿಗೆ ಹಾಕುತ್ತಿದ್ದ. ಈಗ ರೈಲಿನಲ್ಲಿ ಕ್ಷೇಮಸಮಾಚಾರ ಕೇಳುತ್ತ, ಮತ್ತು ಬೆರೆಸಿದ ಬಿಸ್ಕತ್ತನ್ನೋ ಚಹವನ್ನೋ ಕೊಡುವವನ ನಡೆಯೂ ಅದೇ ಪಾಠಶಾಲೆಯದು. ಕೊರಳು ಉಳಿಯುತ್ತದೆಂಬುದಷ್ಟೇ ಸುಧಾರಣೆ.

ಠಕ್ಕರ ಕಥೆಯಲ್ಲಿ ನಿಜವೆಷ್ಟು, ಇಂಗ್ಲಿಷರ ಕಲ್ಪನೆಯೆಷ್ಟು ಎಂದು ಇತ್ತೀಚಿನ ಇತಿಹಾಸಕಾರರು ವಾದಿಸುತ್ತಾರೆ. ಆ ವಾದ ಹೇಗೇ ಇರಲಿ, ಅದರ ಫಲ ಮಾತ್ರ ಕಹಿಯಾಯಿತು. 1836ರ ಠಕ್ಕರ ಕಾಯಿದೆ, ಕೃತ್ಯವನ್ನು ಬಿಟ್ಟು, ಗುಂಪಿಗೆ ಸೇರಿದ್ದನ್ನೇ ಅಪರಾಧವೆಂದಿತು. ಅದೇ ಜಾಡಿನಲ್ಲಿ ಮುಂದುವರಿದು, ಹುಟ್ಟಿನಿಂದಲೇ ಮನುಷ್ಯನನ್ನು ಕಳ್ಳನೆಂದು ಬರೆದಿಡುವ ‘ಅಪರಾಧಿ ಬುಡಕಟ್ಟು’ಗಳ ಕಾಯಿದೆ ಬ್ರಿಟಿಷ್ ಇಂಡಿಯಾದಲ್ಲಿ ಬಂದದ್ದು 1871ರಲ್ಲಿ, ಹಳಿ ರಾಯಚೂರನ್ನು ಮುಟ್ಟಿದ ವರ್ಷವೇ. ಅದಕ್ಕೆ ಮೊದಲು ದಖ್ಖಣದ ದವಸವನ್ನೂ ಉಪ್ಪನ್ನೂ ಎತ್ತುಗಳ ಮೇಲೆ ಹೇರಿಕೊಂಡು ಊರಿಂದೂರಿಗೆ ಮುಟ್ಟಿಸುತ್ತಿದ್ದವರು ಲಂಬಾಣಿಗರು. ಯುದ್ಧಕಾಲದಲ್ಲಿ ಇಬ್ಬಣದ ದಂಡಿಗೂ ಕಾಳು ಒದಗಿಸಿದ ಜನ ಅವರು. ಗಾಡಿ ಬಂತು, ಹೇರು ಹೋಯಿತು. ನಿನ್ನೆಯವರೆಗೆ ಸಾವಿರಾರು ರೂಪಾಯಿಯ ಸರಕನ್ನು ನಂಬಿ ಒಪ್ಪಿಸುತ್ತಿದ್ದ ಕೈಗಳು, ಇಂದು ಹಾದಿಯಲ್ಲಿ ಕಂಡರೆ ತಡೆದು ನಿಲ್ಲಿಸಬೇಕಾದ ಕೈಗಳಾದುವು. ಮದರಾಸು ಪ್ರಾಂತದಲ್ಲಿ ಅವರ ಹೆಸರೂ ಆ ಪಟ್ಟಿಗೆ ಏರಿತು. 1952ರಲ್ಲಿ ಕಾಯಿದೆ ರದ್ದಾಯಿತು. ಅನುಮಾನವನ್ನು ರದ್ದುಮಾಡುವ ಕಾಯಿದೆಯನ್ನು ಯಾವ ಶಾಸನಸಭೆಯೂ ಮಾಡಲಾರದು. ಚಿಂಚೋಳಿ, ಸೇಡಂ, ಚಿತ್ತಾಪುರಗಳ ತಾಂಡಾಗಳಿಂದ ದುಡಿಮೆಗೆಂದು ಮುಂಬಯಿ, ಪುಣೆಗಳಿಗೆ ಹೊರಡುವ ಕುಟುಂಬಗಳು ಗಂಟುಮೂಟೆಗಳೊಡನೆ ಪ್ಲಾಟ್‌ಫಾರ್ಮಿನಲ್ಲಿ ಮಲಗುತ್ತವೆ. ಅವರೂ ಪ್ರಯಾಣಿಕರೇ. ಅವರಲ್ಲಿಯೂ ಟಿಕೆಟ್ಟಿದೆ, ಕಳವಾಗಬಲ್ಲ ಹಣವಿದೆ. ಕಾವಲಿನ ಲಾಠಿ ಮೊದಲು ತಟ್ಟಿ ಎಬ್ಬಿಸುವುದು ಯಾರನ್ನು ಎಂಬುದನ್ನು ನೋಡಿದರೆ ಆ ಕಾವಲು ಯಾರಿಗಾಗಿ ಇದೆಯೆಂಬುದು ತಿಳಿಯುತ್ತದೆ.

ಸಮವಸ್ತ್ರ ಕಣ್ಣಿಗೆ ಬಿದ್ದ ಮಾತ್ರಕ್ಕೆ ಧೈರ್ಯ ಬರಬೇಕೆಂದಿಲ್ಲ. ಈ ಸೀಮೆಯ ವೃದ್ಧರ ಪೀಳಿಗೆ ಅದನ್ನು ಚೆನ್ನಾಗಿ ಕಂಡಿತ್ತು. 1947–48ರಲ್ಲಿ ರಜಾಕಾರರು ಸಮವಸ್ತ್ರ ತೊಟ್ಟು ಬೀದಿಬೀದಿಗಳಲ್ಲಿ ಸಾಲುಗಟ್ಟಿ ನಡೆಯುತ್ತಿದ್ದರು. ಆ ಗಸ್ತಿನ ಸಪ್ಪಳಕ್ಕೆ ಬಾಗಿಲುಗಳು ಮುಚ್ಚಿಕೊಳ್ಳುತ್ತಿದ್ದುವು. 1948ರ ಮೇ 22ರಂದು ಇದೇ ಹಳಿಯ ಗಾಣಗಾಪುರ ಸ್ಟೇಷನ್ನಿನಲ್ಲಿ ಮದರಾಸು–ಮುಂಬಯಿ ಮೇಲ್ ಗಾಡಿಯ ಮೇಲೆ ದಾಳಿಯಾಯಿತು. ದತ್ತಾತ್ರೇಯನ ಕ್ಷೇತ್ರಕ್ಕೆ ಹೋಗುವ ಭಕ್ತರು ಇಳಿಯುವ ಸ್ಟೇಷನ್ ಅದು. ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಹೈದರಾಬಾದಿಗೆ ಪ್ರವೇಶಿಸಿದ ನಂತರವಷ್ಟೇ ಆ ಭಯ ತೊಲಗಿತು.

ಹಾಗಾದರೆ ಕಾವಲುಗಾರ ಹೇಗಿರಬೇಕು? ಇದಕ್ಕೆ ಉತ್ತರ ಇದೇ ಮಣ್ಣಿನಲ್ಲಿ ಎರಡು ಸಾವಿರ ವರ್ಷಕ್ಕೂ ಮಿಕ್ಕಿ ಬಿದ್ದಿತ್ತೆಂಬುದು ಚಮತ್ಕಾರ. ವಾಡಿಯಿಂದ ರಾಯಚೂರಿನ ಕಡೆಗೆ ಹೋಗಿ ನಾಲವಾರದಲ್ಲಿ ಇಳಿದರೆ ಭೀಮಾತೀರದ ಸನ್ನತಿಗೆ ಹಾದಿಯಿದೆ. ಅಲ್ಲಿನ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲುಚಪ್ಪಡಿಯೊಂದರ ಮೇಲೆ ಅಶೋಕನ ಶಾಸನಗಳಿರುವುದು 1989ರಲ್ಲಿ ಬೆಳಕಿಗೆ ಬಂತು. ಕಳಿಂಗದ ಧೌಳಿ, ಜೌಗಡಗಳಲ್ಲಿ ಮಾತ್ರ ತಿಳಿದಿದ್ದ ಎರಡು ‘ಪ್ರತ್ಯೇಕ ಶಾಸನ’ಗಳ ಭಾಗಗಳು ಈ ಚಪ್ಪಡಿಯಲ್ಲಿವೆ. ಅಲ್ಲಿ ಪೂರ್ಣವಾಗಿ ಉಳಿದಿರುವ ಪಾಠದಲ್ಲಿ ಚಕ್ರವರ್ತಿ ನಗರದ ನ್ಯಾಯಾಧಿಕಾರಿಗಳನ್ನು ಕುರಿತು ಮಾತನಾಡುತ್ತಾನೆ: ಕಾರಣವಿಲ್ಲದೆ ಯಾರೊಬ್ಬನೂ ಸೆರೆಗೂ ಹಿಂಸೆಗೂ ಗುರಿಯಾಗಕೂಡದು, ಅಸೂಯೆ, ಕೋಪ, ಕ್ರೌರ್ಯ, ಆತುರ, ಆಲಸ್ಯ, ದಣಿವು ಇವು ಅಧಿಕಾರಿಯನ್ನು ಕೆಡಿಸುತ್ತವೆ, ಇದೆಲ್ಲ ಸರಿಯಾಗಿ ನಡೆದಿದೆಯೇ ಎಂದು ನೋಡಲು ಐದು ವರ್ಷಕ್ಕೊಮ್ಮೆ ಮೃದುಸ್ವಭಾವದ ಅಧಿಕಾರಿಯೊಬ್ಬನನ್ನು ಸಂಚಾರಕ್ಕೆ ಕಳಿಸಲಾಗುವುದು. ದಣಿವನ್ನು ದೋಷಗಳ ಪಟ್ಟಿಯಲ್ಲಿ ಸೇರಿಸಿದ ಅರಸನಿಗೆ ಪೋಲೀಸರ ರಾತ್ರಿಪಾಳಿಯ ಪರಿಚಯವಿದ್ದಿರಬೇಕು.

ಸನ್ನತಿಯ ಸಮೀಪದ ಕನಗನಹಳ್ಳಿಯ ಸ್ತೂಪ, ಅಶೋಕನ ಹೆಸರನ್ನೇ ಕೊರೆದ ಅಲ್ಲಿನ ಶಿಲ್ಪ, ಚಿತ್ತಾಪುರದ ಬಳಿ ವಿದ್ಯಾರ್ಥಿಗಳಿಗೂ ಪುಸ್ತಕಭಾಂಡಾರದ ಪಾಲಕರಿಗೂ ದತ್ತಿ ಬಿಟ್ಟ ಹನ್ನೊಂದನೆಯ ಶತಮಾನದ ನಾಗಾವಿ, ಸೇಡಂ ತಾಲ್ಲೂಕಿನ ಮಳಖೇಡ: ಇವೆಲ್ಲ ಬೇರೆ ನಾಡಿನಲ್ಲಿದ್ದರೆ ಪ್ರವಾಸಿಗಳ ಜಾತ್ರೆಯೇ ನೆರೆಯುತ್ತಿತ್ತು. ಮಳಖೇಡದ ರಾಷ್ಟ್ರಕೂಟರನ್ನು ‘ಬಲ್ಹರಾ’ ಎಂದು ಕರೆದು ಭಾರತದ ಅರಸರಲ್ಲೆಲ್ಲ ಶ್ರೇಷ್ಠರೆಂದು ಹೊಗಳಿದ 851ರ ಅರಬ್ಬೀ ವೃತ್ತಾಂತ, ಕಳ್ಳರ ಭಯವಿಲ್ಲದ ನಾಡು ಎಂಬ ಬಿರುದನ್ನು ಮಾತ್ರ ಅವರ ವೈರಿಗಳಾದ ಗುರ್ಜರರಿಗೆ ಕೊಟ್ಟಿತು! ಇಂದು ಕಾಗಿಣಾ ತೀರದ ಆ ಹಾಳುಕೋಟೆಯಲ್ಲಿ ಪ್ರವಾಸಿಯನ್ನು ಕಾಡುವುದು ಕಳ್ಳನ ಭಯವಲ್ಲ, ಏಕಾಂತ. ಮಾರ್ಗ ಕೇಳಲು ಒಬ್ಬನಾದರೂ ಎದುರಾಗುವನೇ ಎಂದು ಕಣ್ಣು ಹುಡುಕುತ್ತದೆ.

ಏಕಾಂತದ ಅಪಾಯ ಸಣ್ಣದಲ್ಲ. 2025ರ ಮಾರ್ಚಿನಲ್ಲಿ ಗಂಗಾವತಿ ತಾಲ್ಲೂಕಿನ ಸಣಾಪುರದ ಬಳಿ ರಾತ್ರಿ ಕಾಲುವೆಯ ದಂಡೆಯಲ್ಲಿ ಕುಳಿತಿದ್ದ ಪ್ರವಾಸಿಗಳ ಮೇಲೆ ಹಲ್ಲೆ ನಡೆಯಿತು. ವಿದೇಶದ ಮಹಿಳೆಯೂ ಆಕೆಯ ಆತಿಥೇಯಳೂ ಅತ್ಯಾಚಾರಕ್ಕೊಳಗಾದರು. ನೀರಿಗೆ ನೂಕಲ್ಪಟ್ಟ ಗಂಡಸೊಬ್ಬ ಸತ್ತ. ಆಮೇಲೆ ಹಂಪೆಯ ಸುತ್ತಮುತ್ತ ಗಸ್ತು ಬಿಗಿಯಾಯಿತು. ಆಮೇಲೆ, ಎಂಬ ಮಾತನ್ನು ಗಮನಿಸಬೇಕು.

ಚಿಂಚೋಳಿಗೆ ರೈಲೇ ಇಲ್ಲ. 2011ರಲ್ಲಿ ವನ್ಯಧಾಮವೆಂದು ಘೋಷಿತವಾದ ಅಲ್ಲಿನ ಕುರುಚಲು ಕಾಡು, ಚಂದ್ರಂಪಳ್ಳಿಯ ಜಲಾಶಯ, ಮಳೆಗಾಲದಲ್ಲಿ ಧುಮುಕುವ ಎತ್ತಿಪೋತದ ನೀರು, ಇವನ್ನು ನೋಡಲು ಈಚೆಗೆ ಕಲಬುರಗಿಯಿಂದ, ಹೈದರಾಬಾದಿನಿಂದ ತರುಣರ ಗುಂಪುಗಳು ಬರುತ್ತವೆ. ಅರಣ್ಯದ ಕಾವಲಿನವನಿಗೆ ಮರವನ್ನೂ ಮೃಗವನ್ನೂ ನೋಡಿಕೊಳ್ಳುವ ಕೆಲಸವೇ ಸಾಕಷ್ಟಿದೆ. ಜಾರುವ ಬಂಡೆಯ ಮೇಲೆ ಫೋಟೋ ತೆಗೆಸಿಕೊಳ್ಳುವವರನ್ನು ಕೂಗಿ ಕರೆಯುವುದು ಬಹುಶಃ ದನ ಕಾಯುವ ಹುಡುಗನ ಪಾಲಿಗೆ ಬರುತ್ತದೆ. ಆ ಹಾದಿಯ ಬದಿಯ ತಾಂಡಾಗಳಲ್ಲಿ ಯಾವ ಗಾಡಿ ಬೆಳಿಗ್ಗೆ ಒಳಗೆ ಹೋಯಿತು, ಯಾವುದು ಇನ್ನೂ ಹಿಂತಿರುಗಿಲ್ಲ ಎಂಬ ಲೆಕ್ಕ ಕೇಳದೆಯೇ ಸಿಗುತ್ತದೆ. ಕತ್ತಲಾದ ಮೇಲೂ ಬಾರದ ಗಾಡಿಯನ್ನು ಹುಡುಕಲು ಲಾಂದ್ರವೋ ಬ್ಯಾಟರಿಯೋ ಹಿಡಿದು ಹೊರಡಬೇಕಾದವರೂ ಅವರೇ. ಪೋಲೀಸ್ ಜೀಪು ಚಿಂಚೋಳಿಯ ಠಾಣೆಯಿಂದ ಬರುವುದಕ್ಕೆ ಹೊತ್ತು ಹಿಡಿಯುತ್ತದೆ.